ಹುಡುಗ ಕೆಟ್ಟಿದ್ದಾನೆ ಎನ್ನುವ ಮೊದಲು

ಕೆಲವು ವರ್ಷಗಳ ಹಿಂದಿನ ಮಾತು. ಮಾನ್ವಿಯಲ್ಲಿ ಒಂದು ಸಭೆ ಮುಗಿಸಿಕೊಂಡು ನಾವು ನಾಲ್ಕೈದು ಗೆಳೆಯರು ರಾಯಚೂರಿನ ಬಸ್ಸಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆವು. ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ ಶಿಕ್ಷಕರೊಬ್ಬರು ಬಂದು ನಮ್ಮನ್ನು ಅಂಗಡಿಯಿಂದ ಸ್ವಲ್ಪ ದೂರ ಕರೆದುಕೊಂಡು ಹೋದರು. ಹೇಳಬೇಕೋ ಬೇಡವೋ ಎಂದು ಒಂದೆರಡು ಸಲ ತಡವರಿಸಿ, ಕೊನೆಗೆ ಹೇಳಿದರು. ಅವರ ಶಾಲೆಯ ಒಂಬತ್ತು ವರ್ಷದ ಹುಡುಗನೊಬ್ಬ ನೆರೆಮನೆಯ ಐದು ವರ್ಷದ ಹುಡುಗಿಯ ಜೊತೆ ಮಕ್ಕಳು ಆಡುವಂಥದಲ್ಲದ ರೀತಿಯಲ್ಲಿ ನಡೆದುಕೊಂಡಿದ್ದ. ಅದು ಒಂದು ಸಲದ ಮಾತಾಗಿರಲಿಲ್ಲ. ಯಾರಿಗಾದರೂ ಹೇಳಿದರೆ ಹೊಡೆಯುತ್ತೇನೆ ಎಂದು ಆ ಮಗುವಿಗೆ ಹೆದರಿಸಿಯೂ ಇದ್ದ. ಹುಡುಗನ ತಂದೆತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು. ಅವನು ಅಜ್ಜಿಯ ಜೊತೆ ಇದ್ದ.

ಗೊತ್ತಾದಾಗ ಊರ ಹಿರಿಯರು ಇಬ್ಬರು ಹುಡುಗನನ್ನು ಕಂಬಕ್ಕೆ ನಿಲ್ಲಿಸಿ ಹೊಡೆದರು. ಶಾಲೆ ಅವನಿಗೆ ಟಿ.ಸಿ. ಕೊಟ್ಟು ಕೈತೊಳೆದುಕೊಂಡಿತು. ಹುಡುಗಿಯ ಮನೆಯವರು, "ನಮ್ಮ ಹುಡುಗಿ ಹೆಸರು ಎಲ್ಲೂ ಬರಬಾರದ್ರಿ" ಎಂದು ಕೈಮುಗಿದರಂತೆ. "ಈಗ ಆ ಹುಡುಗ ಬ್ಯಾರೆ ಊರಿನ ಸಾಲಿಗೆ ಹೋಗ್ತಾನ್ರಿ. ಅಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ನಾ ಹೇಳಬೇಕೇನ್ರಿ, ಸುಮ್ನಿರಬೇಕೇನ್ರಿ?" ಎಂದು ಆ ಶಿಕ್ಷಕರು ಕೇಳಿದರು.

ನಮ್ಮಲ್ಲಿ ಒಬ್ಬರು ಅವನ ತಂದೆತಾಯಿಯ ಜೊತೆ ಮಾತಾಡಿ ಎಂದರು. ಮತ್ತೊಬ್ಬರು ಸಣ್ಣ ಹುಡುಗ, ಕಾಲಕ್ರಮದಲ್ಲಿ ಮರೆಯುತ್ತಾನೆ ಎಂದರು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೊರಟೆವು. ಕಲ್ಮಲಾ ದಾಟುವ ಹೊತ್ತಿಗೆ ನಮಗೆ ಹೊಳೆದದ್ದು ಇಷ್ಟು. ಅಷ್ಟು ಹೊತ್ತು ನಾವು ಮಾತಾಡಿದ್ದೆಲ್ಲ ಆ ಹುಡುಗನ ಬಗ್ಗೆ. ಐದು ವರ್ಷದ ಆ ಮಗು ಈಗ ಹೇಗಿದೆ ಎಂದು ನಾವು ಯಾರೂ ಕೇಳಿರಲಿಲ್ಲ. ಹುಡುಗನಿಗೆ ಇದನ್ನು ಯಾರು ತೋರಿಸಿಕೊಟ್ಟರು ಎಂದೂ ಕೇಳಿರಲಿಲ್ಲ. ಸಭೆಗಳಲ್ಲಿ ಗಂಟೆಗಟ್ಟಲೆ ಸಮಾಜದ ಬಗ್ಗೆ ಮಾತಾಡುವ ನಾವು ಒಬ್ಬ ಶಿಕ್ಷಕನ ಒಂದು ಪ್ರಶ್ನೆಗೆ ಚಹಾ ಮುಗಿಯುವಷ್ಟು ಹೊತ್ತನ್ನೂ ಕೊಡಲಿಲ್ಲ. ಈ ಬರಹಕ್ಕೆ ಆ ನಾಚಿಕೆಯೇ ಕಾರಣ.

ಮೊದಲು ಭಾಷೆಯ ತೊಡಕನ್ನು ನೋಡಬೇಕು. ನಮ್ಮ ಮನೆಗಳಲ್ಲಿ ದೇಹದ ಕೆಲವು ಭಾಗಗಳಿಗೆ ಎರಡೇ ಬಗೆಯ ಹೆಸರುಗಳಿವೆ. ಒಂದು ಬೈಗುಳದ್ದು, ಇನ್ನೊಂದು ಪಠ್ಯಪುಸ್ತಕದ ಸಂಸ್ಕೃತದ್ದು. ನಡುವೆ ಮಗು ತನ್ನ ಅವ್ವನ ಹತ್ತಿರ ಆಡಬಹುದಾದ ಸಾದಾ ಮಾತು ಇಲ್ಲ. ಉರ್ದುವಿನಲ್ಲಿ ಅದಕ್ಕೆ ಶರ್ಮಗಾಹ್ ಎನ್ನುತ್ತಾರೆ, ಎಂದರೆ ನಾಚಿಕೆಯ ಸ್ಥಳ. ಕನ್ನಡದಲ್ಲಿ 'ಮಾನ ಮುಚ್ಚಿಕೊ' ಎನ್ನುತ್ತೇವೆ. ಒಬ್ಬರು ಇನ್ನೊಬ್ಬರ ಮೈಮೇಲೆ ಬಿದ್ದರೆ ನಮ್ಮ ಪತ್ರಿಕೆಗಳು ಅದನ್ನು ಬಹಳ ಕಾಲ 'ಮಾನಭಂಗ' ಎಂದೇ ಬರೆದವು. ತಪ್ಪು ಮಾಡಿದವನು ಒಬ್ಬ, ಮಾನ ಹೋದದ್ದು ಇನ್ನೊಬ್ಬರದ್ದು! ಇಂಥ ಭಾಷೆಯಲ್ಲಿ ಬೆಳೆದ ಮಗುವಿಗೆ ತನಗಾದದ್ದನ್ನು ಹೇಳಲು ಬಾಯಿ ತೆರೆಯುವುದೇ ಮಾನ ಕಳೆದುಕೊಂಡಂತೆ. ಗಂಡುಮಗುವಿನ ಪಾಡು ಇನ್ನೂ ವಿಚಿತ್ರ. ಅವನಿಗೆ ಹೋಗಲಿಕ್ಕೆ ಮಾನವೇ ಇಲ್ಲ ಎಂದು ನಾವು ನಂಬಿದ್ದೇವೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಅವರಲ್ಲಿ 53.22 ಶೇಕಡಾ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದಾಗಿ ಹೇಳಿದರು, ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಅದೇ 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಬರುವುದಿತ್ತು. ಸಂಸ್ಕೃತಿ ಕೆಡುತ್ತದೆ ಎಂಬ ಕೂಗು ಎದ್ದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು.

ನಮ್ಮ ಹಿರಿಯರು ಇಷ್ಟು ಮೌನಿಗಳಾಗಿರಲಿಲ್ಲ ಎನ್ನುವುದನ್ನೂ ಇಲ್ಲಿ ನೆನೆಯಬೇಕು. ಕುರ್‌ಆನಿನ ನೂರ್ ಅಧ್ಯಾಯದಲ್ಲಿ, ಪ್ರಾಯಕ್ಕೆ ಬರದ ಮಕ್ಕಳು ಕೂಡ ದಿನದ ಮೂರು ಹೊತ್ತು, ಅಂದರೆ ಬೆಳಗಿನ ನಮಾಜಿಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯಲ್ಲಿ ಮತ್ತು ರಾತ್ರಿಯ ನಮಾಜಿನ ನಂತರ, ದೊಡ್ಡವರ ಕೋಣೆಗೆ ಕೇಳಿಯೇ ಬರಬೇಕು ಎಂಬ ಮಾತಿದೆ. ಹತ್ತು ವರ್ಷಕ್ಕೆ ಮಕ್ಕಳ ಹಾಸಿಗೆ ಬೇರೆ ಮಾಡಿ ಎಂದು ಹದೀಸಿನಲ್ಲಿದೆ. ಮಕ್ಕಳ ಕಣ್ಣಿಗೆ ಏನು ಬೀಳುತ್ತದೆ ಎಂಬುದು ದೊಡ್ಡವರು ಯೋಚಿಸಿ ಏರ್ಪಾಡು ಮಾಡಬೇಕಾದ ಸಂಗತಿ ಎಂಬ ತಿಳಿವಳಿಕೆ ಅದರ ಹಿಂದಿದೆ. ಪಾಠ ನಮ್ಮ ಬಾಯಲ್ಲಿ ಉಳಿದಿದೆ, ಏರ್ಪಾಡು ಮನೆಗಳಿಂದ ಹೊರಟುಹೋಗಿದೆ.

ಹಾಗೆಂದು ಮಕ್ಕಳ ಪ್ರತಿಯೊಂದು ಆಟಕ್ಕೂ ಬೆಚ್ಚಿಬೀಳಬೇಕಾಗಿಲ್ಲ. ಮೂರು ನಾಲ್ಕು ವರ್ಷದ ಮಗು ತನ್ನ ಮೈಯನ್ನು ಕುತೂಹಲದಿಂದ ನೋಡಿಕೊಳ್ಳುತ್ತದೆ. ತಮ್ಮ ಹುಟ್ಟಿದಾಗ ಇವನು ಎಲ್ಲಿಂದ ಬಂದ ಎಂದು ಕೇಳುತ್ತದೆ. ಒಂದೇ ವಯಸ್ಸಿನ ಮಕ್ಕಳು ಡಾಕ್ಟರ ಆಟ, ಗಂಡ ಹೆಂಡತಿ ಆಟ ಆಡುತ್ತಾರೆ, ನಗುತ್ತಾರೆ, ಅವ್ವ ಕರೆದರೆ ಬಿಟ್ಟು ಓಡುತ್ತಾರೆ. ಇದು ಬೆಳವಣಿಗೆಯ ಭಾಗ. ಇಂಥ ಮಗುವಿಗೆ ಹೊಡೆದರೆ ಅದಕ್ಕೆ ತಿಳಿಯುವುದು ಒಂದೇ: ಈ ವಿಷಯವನ್ನು ಅವ್ವನ ಮುಂದೆ ಎಂದೂ ತೆಗೆಯಬಾರದು. ನಾಳೆ ನಿಜವಾಗಿ ಯಾರಾದರೂ ಅದನ್ನು ಕಾಡಿದರೂ ಬಾಯಿ ತೆರೆಯದು.

ಆತಂಕಪಡಬೇಕಾದದ್ದು ಬೇರೆ ಕಡೆ. ಇಬ್ಬರು ಮಕ್ಕಳ ನಡುವೆ ವಯಸ್ಸಿನ, ಬಲದ ಅಂತರ ದೊಡ್ಡದಿದ್ದರೆ. ಬೆದರಿಕೆ, ಚಾಕಲೇಟಿನ ಆಸೆ, 'ಯಾರಿಗೂ ಹೇಳಬ್ಯಾಡ' ಎಂಬ ಮಾತು ನಡುವೆ ಬಂದಿದ್ದರೆ. ಬೇಡ ಎಂದು ತಿಳಿಸಿ ಹೇಳಿದ ಮೇಲೂ ಮತ್ತೆ ಮತ್ತೆ ಅದೇ ನಡೆದರೆ. ದೊಡ್ಡವರಿಗೆ ಮಾತ್ರ ಗೊತ್ತಿರಬೇಕಾದ ಸಂಗತಿ ಎಳೆಯ ಮಗುವಿನ ಮಾತಿನಲ್ಲಿ, ಚಿತ್ರದಲ್ಲಿ, ನಡೆಯಲ್ಲಿ ಕಂಡರೆ. ಇನ್ನೊಂದು ಮಗು ಹೆದರಿದ್ದರೆ, ಅತ್ತರೆ, ಆ ಮನೆಗೆ ಹೋಗಲಾರೆ ಎಂದರೆ. ಮಾನ್ವಿಯ ಶಿಕ್ಷಕರು ಹೇಳಿದ ಘಟನೆಯಲ್ಲಿ ಇವುಗಳಲ್ಲಿ ಬಹುಪಾಲು ಇದ್ದವು. ಅವರಿಗೆ ಗೊತ್ತಾಗಿತ್ತು ಕೂಡ. ಗುರುತಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಗುರುತಿಸಿದ ಮೇಲೆ ಎತ್ತ ತಿರುಗಬೇಕು ಎಂಬುದೇ ತಿಳಿದಿರಲಿಲ್ಲ.

ಮಗು ಇದನ್ನು ಎಲ್ಲಿ ಕಲಿಯುತ್ತದೆ? ಅದರ ಮೇಲೆಯೇ ಯಾರೋ ದೌರ್ಜನ್ಯ ಮಾಡಿರಬೇಕು ಎಂದು ನಾವು ಒಮ್ಮೆಲೇ ತೀರ್ಮಾನಿಸುತ್ತೇವೆ. ಕೆಲವು ಸಲ ಅದು ನಿಜ, ಎಷ್ಟೋ ಸಲ ಅಲ್ಲ. ದೊಡ್ಡವರ ಸಂಗತಿ ಕಣ್ಣಿಗೆ ಬಿದ್ದಿರಬಹುದು, ಮನೆಯಲ್ಲಿ ಹೊಡೆದಾಟ ನಡೆಯುತ್ತಿರಬಹುದು, ನೋಡಿಕೊಳ್ಳುವವರೇ ಇಲ್ಲದಿರಬಹುದು. ನಮ್ಮ ಜಿಲ್ಲೆಯಲ್ಲಿ ಈ ಕೊನೆಯ ಮಾತಿಗೆ ಹೆಚ್ಚು ತೂಕ. ಕೃಷ್ಣೆ ತುಂಗಭದ್ರೆಗಳ ನಡುವಿನ ನಾಡು ಎಂದು ಹೆಮ್ಮೆಪಡುತ್ತೇವೆ. ಆದರೆ ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟುವುದಿಲ್ಲ. ಸುಗ್ಗಿ ಮುಗಿಯುತ್ತಲೇ ದೇವದುರ್ಗ, ಮಾನ್ವಿ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳಿಗೆ ಹೊರಡುತ್ತಾರೆ. ಕೂಡ ಹೋದ ಮಕ್ಕಳು ತಗಡಿನ ಶೆಡ್ಡಿನ ಒಂದೇ ಕೋಣೆಯಲ್ಲಿ ಎಲ್ಲರ ನಡುವೆ ಮಲಗುತ್ತವೆ. ಊರಲ್ಲಿ ಉಳಿದವು ಕಣ್ಣು ಮಂಜಾದ ಅಜ್ಜಿಯ ಪಾಲಿಗೆ. 2020ರ ಕೊರೋನಾ ಕಾಲದಲ್ಲಿ ಪಾಠದ ಹೆಸರಲ್ಲಿ ಮಕ್ಕಳ ಕೈಗೆ ಬಂದ ಮೊಬೈಲು ಮತ್ತೆ ಹಿಂದಕ್ಕೆ ಹೋಗಲಿಲ್ಲ. ಆ ಹುಡುಗನಿಗೂ ಊರಿನ ದೊಡ್ಡ ಹುಡುಗನೊಬ್ಬ ಮೊಬೈಲಿನಲ್ಲಿ ಏನೇನೋ ತೋರಿಸುತ್ತಿದ್ದ ಎಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ಕಂಬಕ್ಕೆ ನಿಂತು ಹೊಡೆತ ತಿಂದವನು ಒಂಬತ್ತು ವರ್ಷದವನು. ಮೊಬೈಲಿನವನನ್ನು ಯಾರೂ ವಿಚಾರಿಸಲಿಲ್ಲ.

ಇದನ್ನು ಬಡವರ ಮನೆಯ ಕಥೆ ಎಂದು ಓದುಗರು ತಳ್ಳಿಹಾಕಬಾರದು. ರಾಯಚೂರು ನಗರದ ಬಂಗಲೆಗಳಲ್ಲಿ ಮಗುವಿಗೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲ ಹಿಂದೆ ಇಂಟರ್ನೆಟ್ಟು. ಅಲ್ಲಿ ಅಜ್ಜಿಯ ಮಂಜುಗಣ್ಣೂ ಇಲ್ಲ.

ಈಗ ನಿಜವಾದ ನೈತಿಕ ಪ್ರಶ್ನೆ. ಒಂಬತ್ತು ವರ್ಷದ ಮಗು ಅಪರಾಧಿಯೇ? ಮೂವರ ಮೇಲಿಂದ ಲೇಖನಿಯನ್ನು ಎತ್ತಲಾಗಿದೆ ಎಂದು ಇಸ್ಲಾಮಿನ ಧರ್ಮಶಾಸ್ತ್ರ ಹೇಳುತ್ತದೆ. ನಿದ್ರೆಯಲ್ಲಿರುವವರು, ಬುದ್ಧಿ ಸ್ಥಿಮಿತದಲ್ಲಿಲ್ಲದವರು ಮತ್ತು ಪ್ರಾಯಕ್ಕೆ ಬರದ ಮಕ್ಕಳು. ಇವರ ಪಾಪ ಬರೆದುಕೊಳ್ಳಲಾಗುವುದಿಲ್ಲ. ದೇಶದ ಕಾನೂನು ಬೇರೆ ದಾರಿಯಿಂದ ಸುಮಾರು ಅಲ್ಲಿಗೇ ಬರುತ್ತದೆ. ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ ಎಂದು 1860ರ ದಂಡ ಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಅರ್ಥ ತಿಳಿಯುವಷ್ಟು ಬುದ್ಧಿ ಬಲಿತಿರದಿದ್ದರೆ ಅದೂ ಅಪರಾಧವಲ್ಲ.

ಆದರೆ ಲೇಖನಿ ಎತ್ತಿದೆ ಎಂದ ಮಾತ್ರಕ್ಕೆ ಏನೂ ನಡೆದಿಲ್ಲ ಎಂದಾಗುತ್ತದೆಯೇ? ಐದು ವರ್ಷದ ಆ ಮಗುವಿಗೆ ಆದ ಗಾಯ, ನೋಯಿಸಿದವನ ವಯಸ್ಸು ಒಂಬತ್ತು ಎಂಬ ಕಾರಣಕ್ಕೆ ಕಡಿಮೆಯಾಗುವುದಿಲ್ಲ. 'ಹುಡುಗಾಟಿಕೆ ಬಿಡ್ರಿ' ಎನ್ನುವ ದೊಡ್ಡಮನಸ್ಸಿನಲ್ಲಿ ಈ ಮಗುವಿಗೆ ಜಾಗವೇ ಇಲ್ಲ. 'ಈ ಹುಡುಗ ಕೆಟ್ಟೈತಿ' ಎನ್ನುವ ಸಿಟ್ಟಿನಲ್ಲೂ ಇಲ್ಲ. ಎರಡೂ ಕಡೆ ದೊಡ್ಡವರು ತಮ್ಮನ್ನು ತಾವು ಪಾರುಮಾಡಿಕೊಳ್ಳುತ್ತಿರುತ್ತಾರೆ. ನಮಗೆ ತೋರುವುದು ಇದು: ಮಗುವಿನ ಮೇಲಿಂದ ಎತ್ತಿದ ಲೇಖನಿಯನ್ನು ಗಾಳಿಯಲ್ಲಿ ಬಿಡಲಾಗುವುದಿಲ್ಲ. ನಡೆದದ್ದರ ಲೆಕ್ಕ ಆ ಹುಡುಗನ ಹೆಸರಿನಿಂದ ಎದ್ದು ಅವನ ಸುತ್ತಲಿನ ದೊಡ್ಡವರ ಹೆಸರಿಗೆ ಬಂದು ಬೀಳುತ್ತದೆ. ಮೊಬೈಲು ತೋರಿಸಿದವನು, ನೋಡಿಯೂ ನೋಡದಂತೆ ಇದ್ದವರು, ಕಂಬಕ್ಕೆ ನಿಲ್ಲಿಸಿದವರು, ಟಿ.ಸಿ. ಬರೆದುಕೊಟ್ಟವರು, ಬಸ್ಸು ಹತ್ತಿದ ನಾವು.

ಇಂಥ ಮಗು ಮುಂದೆ ಖಂಡಿತ ದುಷ್ಟನಾಗುತ್ತದೆ ಎಂಬ ಭಯ ಜನರಲ್ಲಿದೆ. ಅಮೆರಿಕದ ಒಕ್ಲಹಾಮಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ಉತ್ತರದಂತಿದೆ. ಈ ಬಗೆಯ ವರ್ತನೆಯಿದ್ದ 5ರಿಂದ 12 ವರ್ಷದ 135 ಮಕ್ಕಳನ್ನು ಎರಡು ಗುಂಪು ಮಾಡಿ ಎರಡು ಬಗೆಯ ಚಿಕಿತ್ಸೆ ಕೊಟ್ಟಿದ್ದರು. ಹತ್ತು ವರ್ಷ ಬಿಟ್ಟು ದಾಖಲೆ ತೆಗೆದು ನೋಡಿದರು. ಯಾವುದು ಸರಿ ಯಾವುದು ತಪ್ಪು ಎಂಬ ನಿಯಮವನ್ನು ಸ್ಪಷ್ಟವಾಗಿ ಕಲಿಸಿ, ನೋಡಿಕೊಳ್ಳುವ ದೊಡ್ಡವರನ್ನೂ ಕೂಡಿಸಿಕೊಂಡು ನಡೆಸಿದ ಹನ್ನೆರಡು ಭೇಟಿಗಳ ಚಿಕಿತ್ಸೆ ಪಡೆದವರಲ್ಲಿ ಮುಂದೆ ಲೈಂಗಿಕ ಅಪರಾಧದಲ್ಲಿ ಸಿಕ್ಕವರು ಶೇಕಡಾ 2. ಆಟದ ಮೂಲಕ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 10. ಇಂಥ ವರ್ತನೆಯೇ ಇಲ್ಲದೆ, ಚಂಚಲತೆ ತುಂಟತನಗಳಿಗಾಗಿ ಆಸ್ಪತ್ರೆಗೆ ಬಂದಿದ್ದ ಮಕ್ಕಳಲ್ಲೂ ಶೇಕಡಾ 3 ಇತ್ತು. ಒಕ್ಲಹಾಮಾ ನಮ್ಮ ದೇವದುರ್ಗವಲ್ಲ, ಒಪ್ಪಿದೆವು. ಆದರೂ ಒಂದು ಮಾತು ಹೇಳಬಹುದು. ಹೊತ್ತಿಗೆ ಸರಿಯಾಗಿ ಹಿಡಿದು ತಿದ್ದಿದರೆ ಈ ಮಕ್ಕಳು ಉಳಿದ ಮಕ್ಕಳ ಹಾಗೆಯೇ ಬೆಳೆಯುತ್ತಾರೆ.

ತಿದ್ದುವುದು ಎಂದರೆ ಏನು? ಮೊದಲಿಗೆ ಇಬ್ಬರು ಮಕ್ಕಳನ್ನೂ ಬೇರೆ ಬೇರೆ ಕೂಡಿಸಬೇಕು. ನೊಂದ ಮಗುವಿಗೆ 'ನಿನ್ನದೇನೂ ತಪ್ಪಿಲ್ಲ, ಹೇಳಿದ್ದು ಒಳ್ಳೆಯದಾಯಿತು' ಎನ್ನಬೇಕು, ಬೇಕಿದ್ದರೆ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಮಗುವಿಗೆ ದನಿ ಎತ್ತದೆ, ನಗದೆ, 'ನೀ ಮಾಡಿದ್ದು ತಪ್ಪು, ಹೀಗೆ ಮಾಡಬಾರದು, ಇದರಿಂದ ಅವಳಿಗೆ ನೋವಾಗಿದೆ' ಎಂದು ಹೇಳಬೇಕು. ನೀನು ಕೆಟ್ಟವನು ಎನ್ನಬಾರದು. ತಪ್ಪಿಗೆ ಹೆಸರಿಡಬೇಕು, ಮಗುವಿಗೆ ಇಡಬಾರದು. ಯಾರು ಕಲಿಸಿದರು, ಅವನಾ, ಇವನಾ ಎಂದು ಪೊಲೀಸರ ಹಾಗೆ ಸುತ್ತುಗಟ್ಟಿ ಕೇಳಿದರೆ ಮಗು ನಮಗೆ ಬೇಕಾದ ಉತ್ತರವನ್ನು ಕೊಟ್ಟುಬಿಡುತ್ತದೆ. ಅದು ತಾನಾಗಿ ಹೇಳಿದ್ದನ್ನು ಕೇಳಿಸಿಕೊಂಡು, ಅದರ ಮಾತಿನಲ್ಲೇ ಬರೆದಿಟ್ಟುಕೊಳ್ಳುವುದು ಮೇಲು. ಆಮೇಲೆ ಕಣ್ಣಿಟ್ಟು ನೋಡಿಕೊಳ್ಳುವ ಕೆಲಸ. ಬೇಸಿಗೆಯಲ್ಲಿ ನಮ್ಮ ಮಾಳಿಗೆಗಳ ಮೇಲೆ ಹತ್ತು ಮಕ್ಕಳು ಸಾಲಾಗಿ ಮಲಗುತ್ತವೆ. ಯಾರು ಯಾರ ಪಕ್ಕ, ನಡುವೆ ದೊಡ್ಡವರು ಯಾರು ಎಂದು ಒಂದು ಸಲ ಯೋಚಿಸಿದರೆ ಖರ್ಚೇನೂ ಇಲ್ಲ.

ಕಾನೂನಿನ ಮಾತು ಬಂದಾಗ ಜನ ಹಿಂಜರಿಯುತ್ತಾರೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ವರದಿ ಮಾಡಲೇಬೇಕು. ಮಾಡದಿದ್ದರೆ ಆರು ತಿಂಗಳವರೆಗೆ ಶಿಕ್ಷೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಶಿಕ್ಷಕರಿಗೂ ಇದು ಅನ್ವಯಿಸುತ್ತದೆ, ಆಡಳಿತ ಮಂಡಳಿಗೂ, ನಮಗೂ. ಊರ ಪಂಚಾಯ್ತಿಯಲ್ಲಿ ರಾಜಿ ಮಾಡಿಸಿ ಮುಗಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಆದರೆ ಜನ ಹೆದರುವಂತೆ ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಹದಿನೆಂಟರೊಳಗಿನವರನ್ನು 2015ರ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿ ನೋಡುತ್ತದೆ, ಆರೈಕೆ ಬೇಕಾದವರನ್ನು ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಇಬ್ಬರು ಮಕ್ಕಳ ಹೆಸರನ್ನೂ ಪತ್ರಿಕೆಗಳು ಬರೆಯುವಂತಿಲ್ಲ. ನೊಂದ ಮಗುವಿನ ಹೇಳಿಕೆ ಪಡೆಯಲು ಅಧಿಕಾರಿ ಸಮವಸ್ತ್ರದಲ್ಲಿ ಬರುವಂತಿಲ್ಲ. ಎಲ್ಲಿಂದ ಶುರುಮಾಡಬೇಕು ಎಂದು ತಿಳಿಯದವರಿಗೆ 1098 ಇದೆ. 2023ರಿಂದ ಅದನ್ನು ಸರ್ಕಾರವೇ ನಡೆಸುತ್ತಿದೆ. ಮನಸ್ಸಿನ ವಿಚಾರಕ್ಕೆ 14416, ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ದೇವದುರ್ಗದ ಹಳ್ಳಿಯ ತಾಯಿಗೆ ರಾಯಚೂರಿಗೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ಖರ್ಚು. ಒಂದು ಸಲವಾದರೆ ಬಂದಾಳು, ಹನ್ನೆರಡು ಸಲ? ಮನಸ್ಸಿನ ಆರೈಕೆಯನ್ನು ಹಳ್ಳಿಯ ಆರೋಗ್ಯ ಕೇಂದ್ರದವರೆಗೆ ಒಯ್ಯಬಹುದು ಎಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟದ್ದು ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. 'ಬಳ್ಳಾರಿ ಮಾದರಿ' ಎಂದೇ ಅದಕ್ಕೆ ಹೆಸರು. ನದಿಯ ಆಚೆ ಹುಟ್ಟಿದ ಮಾದರಿಯ ಮಕ್ಕಳ ಪಾಲು ನದಿಯ ಈಚೆಗೆ ಯಾವಾಗ ಪೂರ್ತಿ ಬರುತ್ತದೆ ಎಂದು ಕೇಳುವುದು ನಮ್ಮ ಹಕ್ಕು.

ಇನ್ನೊಂದು ಮಾತು, ನಮ್ಮವರಿಗೇ. ಸರ್ಕಾರಿ ಹಾಸ್ಟೆಲಿರಲಿ, ಮಠದ ಪ್ರಸಾದ ನಿಲಯವಿರಲಿ, ಮದ್ರಸಾ ಇರಲಿ, ಮಕ್ಕಳು ರಾತ್ರಿ ಉಳಿಯುವ ಕಡೆ ಇಂಥದ್ದು ನಡೆದಾಗ ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಮುಚ್ಚಿಡುವ ಚಾಳಿ ಎಲ್ಲರದ್ದೂ ಒಂದೇ. ಇನ್ನೊಬ್ಬರ ಸಂಸ್ಥೆಯ ಸುದ್ದಿ ಬಂದಾಗ ನಮಗೆ ನ್ಯಾಯ ನೆನಪಾಗುತ್ತದೆ, ನಮ್ಮದರ ಸುದ್ದಿ ಬಂದಾಗ ಇಜ್ಜತ್ತು ನೆನಪಾಗುತ್ತದೆ.

ಈಚೆಗೆ ದೇವದುರ್ಗ ಕಡೆಯ ಒಬ್ಬ ಶಿಕ್ಷಕಿಯ ಪರಿಚಯವಾಯಿತು. ಅವರ ಶಾಲೆಯಲ್ಲೂ ಇಂಥದೇ ಒಂದು ಸಂಗತಿ. ಗುರುತು ಸಿಗದಿರಲೆಂದು ಇಲ್ಲಿ ಕೆಲವು ವಿವರ ಬದಲಿಸಿದ್ದೇವೆ. ಅವರು ಯಾರಿಗೂ ಹೊಡೆಯಗೊಡಲಿಲ್ಲ, ಟಿ.ಸಿ.ಯನ್ನೂ ಬರೆಯಗೊಡಲಿಲ್ಲ. ಅವತ್ತೇ 1098ಕ್ಕೆ ಫೋನು ಮಾಡಿದರು. ಸಣ್ಣ ಮಗುವಿನ ಮನೆಗೆ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದುಕೊಂಡು ತಾವೇ ಹೋದರು, ಮತ್ತೆ ಮತ್ತೆ ಹೋದರು. ಹುಡುಗನ ತಾಯಿ ಬೆಂಗಳೂರಿನ ಕೆಲಸ ಬಿಟ್ಟು ಬಂದಳು. ಅವಳ ಜೊತೆ ರಾಯಚೂರಿಗೂ ಬಂದರು. ಬಸ್‌ ನಿಲ್ದಾಣದಲ್ಲಿ ನಮಗೆ ಸಿಕ್ಕದ್ದು ಹಾಗೆ. ಹುಡುಗ ಅದೇ ಶಾಲೆಯಲ್ಲಿ, ಮುಂದಿನ ಸಾಲಿನಲ್ಲಿ, ಶಿಕ್ಷಕಿಯ ಕಣ್ಣೆದುರು ಕೂಡುತ್ತಾನಂತೆ. ಸಣ್ಣ ಮಗು ಒಂದಷ್ಟು ದಿನ ಅವನನ್ನು ಕಂಡರೆ ಶಿಕ್ಷಕಿಯ ಸೆರಗು ಹಿಡಿಯುತ್ತಿತ್ತು, ಈಗೀಗ ಕಡಿಮೆಯಾಗಿದೆ ಎಂದರು. ಒಬ್ಬರಿಗೆ ನ್ಯಾಯ ಮಾಡುವಾಗ ಇನ್ನೊಬ್ಬರಿಗೆ ಅನ್ಯಾಯವಾಗುತ್ತಿದೆಯೇ ಎಂಬ ಅಳುಕು ಅವರ ಮಾತಿನಲ್ಲಿತ್ತು.

ತಾಯಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಕೊನೆಗೆ ಕೇಳಿದಳು: "ಇವನ ಹೆಸರು ಎಲ್ಲ್ಯಾರ ಬರದಿಟ್ಟಿರ್ತಾರೇನ್ರಿ? ನಾಳಿ ನೌಕರಿಗೆ, ಮದಿವಿಗೆ ಅಡ್ಡ ಬರತೈತೇನ್ರಿ?" ನಾವು ಬಾಲನ್ಯಾಯ ಕಾಯ್ದೆಯನ್ನು ವಿವರಿಸಿದೆವು. ಇಂಥ ಎಳೆಯ ಮಗುವಿನ ಮುಂದಿನ ಬಾಳಿಗೆ ಇದು ಕಳಂಕವಾಗಿ ಅಂಟಬಾರದು ಎಂದೇ ಅದರಲ್ಲಿದೆ, ಹೆಸರನ್ನು ಹೊರಗೆ ಹೇಳುವುದೇ ತಪ್ಪು ಎಂದೆವು. ಆಕೆ ತಲೆಯಾಡಿಸಿದಳು.

"ಕಾಗದದಾಗ ಇರಂಗಿಲ್ಲ ಬಿಡ್ರಿ," ಎಂದಳು. "ಊರಾಗ?"